ಮನೆ ಮುಂದಿನ ರಸ್ತೆ, ಊರ ಹೊರಗಿನ ಲೇಔಟ್: ತುಮಕೂರಿನಲ್ಲಿ ಯಾವ ಕಾಗದವನ್ನು ಯಾವ ಕಚೇರಿಯಲ್ಲಿ, ಯಾವಾಗ ಕೇಳಬೇಕು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಎರಡು. "ನಮ್ಮ ಬೀದಿಯನ್ನು ಅಗೆದು ಬಿಟ್ಟು ಹೋಗಿದ್ದಾರೆ, ಯಾರನ್ನು ಕೇಳಬೇಕು?" ಎಂಬುದು ಒಂದು. "ಸೈಟು ಕೊಂಡು ವರ್ಷಗಳಾದವು, ಬಡಾವಣೆಗೆ ನೆಟ್ಟಗೆ ರಸ್ತೆಯಿಲ್ಲ, ಚರಂಡಿಯಿಲ್ಲ, ಪಾಲಿಕೆಗೆ ಹೋದರೆ ಟೂಡಾಕ್ಕೆ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ) ಹೋಗಿ ಎನ್ನುತ್ತಾರೆ, ಟೂಡಾಕ್ಕೆ ಹೋದರೆ ಪಾಲಿಕೆಗೆ ಹೋಗಿ ಎನ್ನುತ್ತಾರೆ, ಏನು ಮಾಡುವುದು?" ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಎರಡರ ಬುಡ ಒಂದೇ. ಹೊಣೆ ಯಾರದ್ದು ಎಂಬುದು ಯಾವುದೋ ಒಂದು ಕಡತದ ಒಂದು ಕಾಗದದಲ್ಲಿ ಬರೆದಿರುತ್ತದೆ. ಗುತ್ತಿಗೆದಾರನಿಗೆ ಬಿಲ್ ಪಾವತಿಯಾಗುವ ಮುನ್ನ, ಅಥವಾ ಬಡಾವಣೆ ಮಾಡಿದವನು ಎಲ್ಲ ಸೈಟುಗಳನ್ನು ಮಾರಿ ಕೈತೊಳೆದುಕೊಳ್ಳುವ ಮುನ್ನ ಆ ಕಾಗದವನ್ನು ಕೇಳಿದರೆ ಅದಕ್ಕೆ ಬಲವಿರುತ್ತದೆ; ತಡವಾಗಿ ಕೇಳಿದರೆ ಅದು ಬರೀ ದಾಖಲೆ. ನನ್ನ ಸ್ವಂತ ಬೀದಿಯಲ್ಲಿ ಒಳಚರಂಡಿಯ ಚೇಂಬರ್ ಮುಚ್ಚಳ ಕಾಂಕ್ರೀಟಿಗಿಂತ ಎರಡು ಇಂಚು ಕೆಳಗೆ ಉಳಿದುಹೋಗಿದೆ. ನಾನು ಅರ್ಜಿ ಹಾಕುವ ಹೊತ್ತಿಗೆ ಅಂತಿಮ ಬಿಲ್ ಆಗಿತ್ತು. ಆ ಗುಂಡಿಯಲ್ಲಿ ಇಂದಿಗೂ ದ್ವಿಚಕ್ರ ವಾಹನಗಳು ಎಗರುತ್ತವೆ.

ಈ ಲೇಖನ ತುಮಕೂರು ನಗರವನ್ನು ಮುಂದಿಟ್ಟುಕೊಂಡು ಬರೆದದ್ದು. ತಿಪಟೂರು, ಶಿರಾದಂತಹ ನಗರಸಭೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸಿದರೆ ತುಮಕೂರು ಮಹಾನಗರ ಪಾಲಿಕೆಗೆ 1976ರ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಕಾಯ್ದೆ ಬೇರೆಯಾದರೂ ಕೇಳಬೇಕಾದ ಕಾಗದಗಳು ಹೆಚ್ಚುಕಡಿಮೆ ಇವೇ.

ಮೊದಲು ಕೈಯಲ್ಲಿರಬೇಕಾದವು

ನಿಮ್ಮ ವಾರ್ಡ್ ಸಂಖ್ಯೆ (ಪಾಲಿಕೆಯಲ್ಲಿ 35 ವಾರ್ಡ್‌ಗಳಿವೆ), ಆಸ್ತಿ ತೆರಿಗೆ ರಸೀದಿಯ ಪ್ರತಿ, ಬಡಾವಣೆಯ ವಿಷಯವಾದರೆ ಜಮೀನಿನ ಸರ್ವೆ ನಂಬರ್ ಮತ್ತು ಗ್ರಾಮದ ಹೆಸರು, ದಿನಾಂಕ ಕಾಣುವಂತೆ ತೆಗೆದ ಫೋಟೋಗಳು, ಒಂದು ಅಳತೆ ಟೇಪು, 10 ರೂಪಾಯಿಯ ನಾಲ್ಕೈದು ಪೋಸ್ಟಲ್ ಆರ್ಡರ್, ಮತ್ತು ಎಲ್ಲವನ್ನೂ ಸೇರಿಸಿಡಲು ಒಂದು ಫೈಲು. ಇವಿಷ್ಟು ಸಾಕು. ವಕೀಲರು ಈ ಹಂತದಲ್ಲಿ ಬೇಕಾಗುವುದಿಲ್ಲ.

1. ರಸ್ತೆ ಯಾರ ಸುಪರ್ದಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ

ನಗರದೊಳಗಿನ ರಸ್ತೆಗಳೆಲ್ಲ ಪಾಲಿಕೆಯವೇ ಎಂದು ಭಾವಿಸಿ ಅರ್ಜಿ ಬರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಊರ ಅಂಚಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಸೇವಾ ರಸ್ತೆ ಹೆದ್ದಾರಿ ಪ್ರಾಧಿಕಾರಕ್ಕೆ ಸೇರುತ್ತದೆ. ಕೆಲವು ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಅಡ್ಡರಸ್ತೆಗಳು ಸಾಮಾನ್ಯವಾಗಿ ಪಾಲಿಕೆಯವು. ರಸ್ತೆ ಪಾಲಿಕೆಯದಾಗಿದ್ದು ಅಗೆದವರು ಬೇರೆಯವರಾಗಿರುವುದೂ ಉಂಟು. ಒಳಚರಂಡಿ ಕೊಳವೆಗಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ವಿದ್ಯುತ್ ಕೇಬಲ್‌ಗಾಗಿ ಬೆಸ್ಕಾಂ, ಅನಿಲ ಕೊಳವೆ ಅಥವಾ ದೂರಸಂಪರ್ಕ ಕೇಬಲ್‌ಗಾಗಿ ಖಾಸಗಿ ಕಂಪನಿ ಅಗೆದಿರಬಹುದು. ಇಂಥವರು ಮೊದಲು ಪಾಲಿಕೆಯಿಂದ ರಸ್ತೆ ಅಗೆತದ ಅನುಮತಿ ಪಡೆದು, ರಸ್ತೆಯನ್ನು ಮತ್ತೆ ಮೊದಲಿನಂತೆ ಮಾಡಲು ತಗಲುವ ಮೊತ್ತವನ್ನು ಕಟ್ಟಬೇಕು. ಆದ್ದರಿಂದ "ಯಾವಾಗ ಮುಚ್ಚುತ್ತೀರಿ?" ಎನ್ನುವುದಕ್ಕಿಂತ "ಅಗೆತದ ಅನುಮತಿ ಪತ್ರದ ಸಂಖ್ಯೆ ಏನು, ಪುನರ್‌ನಿರ್ಮಾಣದ ಮೊತ್ತ ಎಷ್ಟು ಕಟ್ಟಿದ್ದಾರೆ?" ಎಂದು ಕೇಳುವುದು ಮೇಲು. ಹಣ ಕಟ್ಟಿದ್ದರೆ ರಸ್ತೆಯನ್ನು ಸರಿಪಡಿಸುವ ಹೊಣೆ ಪಾಲಿಕೆಯ ಮೇಲೆ ಬಂದು ನಿಲ್ಲುತ್ತದೆ. ಅನುಮತಿಯೇ ಇಲ್ಲದಿದ್ದರೆ ಅಗೆದವರ ಮೇಲೆ ಕ್ರಮ ಕೈಗೊಳ್ಳುವಂತೆ ಒತ್ತಾಯಿಸಬಹುದು.

ತುಮಕೂರಿಗೆ ಇನ್ನೊಂದು ತೊಡಕೂ ಇದೆ. 2016ರಲ್ಲಿ ನಗರವು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಹಲವು ರಸ್ತೆ, ಪಾದಚಾರಿ ಮಾರ್ಗದ ಕಾಮಗಾರಿಗಳನ್ನು ಪಾಲಿಕೆ ನೇರವಾಗಿ ನಡೆಸಲಿಲ್ಲ. ಅದಕ್ಕೆಂದೇ ರಚಿಸಿದ ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ನಡೆಸಿತು. ಕೇಂದ್ರದ ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅಂಥ ರಸ್ತೆಯ ಬಗ್ಗೆ ದೂರುವಾಗ, ಕಾಮಗಾರಿ ಪಾಲಿಕೆಗೆ ಹಸ್ತಾಂತರವಾಗಿದೆಯೇ, ಆಗಿದ್ದರೆ ಯಾವ ದಿನಾಂಕದಂದು ಎಂಬುದನ್ನು ಎರಡೂ ಕಡೆ ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರವನ್ನು ಒಪ್ಪಿಕೊಂಡು ಬಂದರೆ ಮುಂದಿನ ವಾರ ಅದೇ ಮೆಟ್ಟಿಲನ್ನು ಮತ್ತೆ ಹತ್ತಬೇಕಾಗುತ್ತದೆ.

2. ಕೆಲಸ ಶುರುವಾದ ದಿನವೇ ಮೂರು ಕಾಗದಗಳನ್ನು ಗುರುತಿಸಿ

ಜೆಸಿಬಿ ಬಂದು ನಿಂತ ದಿನ ಹೆಚ್ಚಿನವರು ಸಂತೋಷದಿಂದ ಫೋಟೋ ತೆಗೆಯುತ್ತಾರೆ, ಕಾಗದ ಕೇಳುವುದಿಲ್ಲ. ಅಂದೇ ಕೇಳಬೇಕಾದವು ಇವು.

ಅಂದಾಜು ಪಟ್ಟಿ: ಜನರು ಎಸ್ಟಿಮೇಟ್ ಎನ್ನುವ ಈ ಪಟ್ಟಿಯಲ್ಲಿ ರಸ್ತೆಯ ಉದ್ದ, ಅಗಲ, ಕಾಂಕ್ರೀಟಿನ ದಪ್ಪ, ಕೆಳಪದರಗಳ ವಿವರ, ಚರಂಡಿ ಸೇರಿದೆಯೇ ಇಲ್ಲವೇ ಎಂಬುದೆಲ್ಲ ಇರುತ್ತದೆ. ಚರಂಡಿಯನ್ನು ಅಂದಾಜಿನಲ್ಲೇ ಸೇರಿಸದೆ ರಸ್ತೆ ಮಾಡಿಬಿಟ್ಟರೆ ಆಮೇಲೆ ಗುತ್ತಿಗೆದಾರನನ್ನು ದೂರಿ ಪ್ರಯೋಜನವಿಲ್ಲ.

ಕಾರ್ಯಾದೇಶ: ವರ್ಕ್ ಆರ್ಡರ್ ಎಂದು ಕರೆಯುವ ಈ ಆದೇಶದಲ್ಲಿ ಗುತ್ತಿಗೆದಾರನ ಹೆಸರು, ಮೊತ್ತ, ಕೆಲಸ ಮುಗಿಸಬೇಕಾದ ಗಡುವು ಇರುತ್ತವೆ.

ಗುತ್ತಿಗೆ ಕರಾರು: ಇದರಲ್ಲಿ ನಿಮಗೆ ಮುಖ್ಯವಾದದ್ದು ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಲಸ ಮುಗಿದ ಮೇಲೂ ಎಷ್ಟು ಕಾಲದವರೆಗೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕು ಎಂಬ ಷರತ್ತು.

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಪ್ರಕಾರ ಕರೆಯುವ ಟೆಂಡರ್‌ಗಳು ರಾಜ್ಯದ ಸಂಗ್ರಹಣಾ ಪೋರ್ಟಲ್ ಆದ ಕೆಪಿಪಿಪಿಯಲ್ಲಿ ಪ್ರಕಟವಾಗುತ್ತವೆ. ಇಲಾಖೆಯ ಹೆಸರು ಮತ್ತು ಊರಿನ ಹೆಸರು ಹಾಕಿ ಹುಡುಕಿ. ಹುಡುಕಿದರೂ ಸಿಗದಿದ್ದರೆ ಎರಡು ಸಾಧ್ಯತೆಗಳಿವೆ. ನಿಮ್ಮ ರಸ್ತೆ ಹಲವು ಕಾಮಗಾರಿಗಳನ್ನು ಕಟ್ಟಿದ ಒಂದು ದೊಡ್ಡ ಪ್ಯಾಕೇಜಿನೊಳಗೆ ಇರಬಹುದು. ಇಲ್ಲವೇ ಅದೇ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರ್ ಇಲ್ಲದೆಯೇ ಯಾವುದೋ ಸಂಸ್ಥೆಗೆ ವಹಿಸಿರಬಹುದು. ವಿನಾಯಿತಿ ಕೊಟ್ಟ ಸರ್ಕಾರಿ ಆದೇಶದ ಸಂಖ್ಯೆಯನ್ನು ಆಗ ಕೇಳಿ. ಹಣ ಯಾವ ಶೀರ್ಷಿಕೆಯಿಂದ ಬಂದಿದೆ ಎಂಬುದನ್ನೂ, ಅಂದರೆ ನಗರೋತ್ಥಾನವೋ, 15ನೇ ಹಣಕಾಸು ಆಯೋಗದ ಅನುದಾನವೋ, ಶಾಸಕರ ನಿಧಿಯೋ, ಪಾಲಿಕೆಯ ಸ್ವಂತ ನಿಧಿಯೋ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಂದೇ ರಸ್ತೆಗೆ ಎರಡು ಶೀರ್ಷಿಕೆಗಳಲ್ಲಿ ಬಿಲ್ ಆಗಿದೆಯೇ ಎಂದು ತಾಳೆ ನೋಡಲು ಮುಂದೆ ಇದೇ ಆಧಾರವಾಗುತ್ತದೆ.

3. ಕಾಂಕ್ರೀಟ್ ಬೀಳುವ ದಿನ ಬೀದಿಯಲ್ಲಿ ನಿಂತು ನೋಡಬೇಕಾದವು

ಎಂಜಿನಿಯರಿಂಗ್ ಓದದವರೂ ನೋಡಿ ತಿಳಿಯಬಹುದಾದ ಸಂಗತಿಗಳು ಸಾಕಷ್ಟಿವೆ. ಇದರಲ್ಲಿ ಅರ್ಧ ದಿನ ಕಳೆದರೂ ನಷ್ಟವಿಲ್ಲ, ಏಕೆಂದರೆ ಕಾಂಕ್ರೀಟ್ ಗಟ್ಟಿಯಾದ ಮೇಲೆ ದಪ್ಪವನ್ನು ಅಳೆಯಲು ಕೊರೆದೇ ನೋಡಬೇಕು.

ಮೊದಲನೆಯದು ಮಟ್ಟ. ಹಳೆಯ ರಸ್ತೆಯನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಹೋದರೆ, ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಹಳೆಯ ಮನೆಗೆ ಕೆಲವು ವರ್ಷಗಳಲ್ಲಿ ಒಂದು ಮೆಟ್ಟಿಲು ಇಳಿದು ಹೋಗಬೇಕಾಗುತ್ತದೆ, ಮಳೆನೀರು ನೇರವಾಗಿ ನಡುಮನೆಗೆ ಬರುತ್ತದೆ. ಹಳೆಯ ಪದರವನ್ನು ತೆಗೆಯುವ ಕೆಲಸ ಅಂದಾಜು ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದರೆ ಅದನ್ನು ನಿಜಕ್ಕೂ ತೆಗೆಯುತ್ತಿದ್ದಾರೆಯೇ ನೋಡಿ.

ಎರಡನೆಯದು ದಪ್ಪ. ಕಾಂಕ್ರೀಟ್ ಹಾಕುವ ಮುನ್ನ ರಸ್ತೆಯ ಎರಡು ಅಂಚಿಗೆ ಕಬ್ಬಿಣದ ಚಾನೆಲ್ ಅಥವಾ ಹಲಗೆ ನಿಲ್ಲಿಸುತ್ತಾರೆ. ಅಂಚಿನಲ್ಲಿ ಮಾತ್ರ ಅಳೆದರೆ ಮೋಸ ಹೋಗುತ್ತೀರಿ, ಏಕೆಂದರೆ ಅಂಚಿನಲ್ಲಿ ಪೂರ್ತಿ ಆಳ ಬಿಟ್ಟು ನಡುವಿನಲ್ಲಿ ಜಲ್ಲಿ ಏರಿಸಿಟ್ಟಿರುತ್ತಾರೆ. ಎರಡು ಚಾನೆಲ್‌ಗಳ ಮೇಲಿಂದ ಅಡ್ಡಲಾಗಿ ಬಿಗಿಯಾಗಿ ದಾರ ಕಟ್ಟಿ, ದಾರದಿಂದ ನೆಲಕ್ಕೆ ನಡುವಿನಲ್ಲಿ ಮೂರು ಕಡೆ ಟೇಪು ಇಳಿಬಿಡಿ. ಹಾಗೆ ಅಳೆಯುವಾಗ ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆದಿಡಿ.

ಮೂರನೆಯದು ಲೆಕ್ಕ. 100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ರಸ್ತೆಗೆ 52.5 ಘನ ಮೀಟರ್ ಕಾಂಕ್ರೀಟ್ ಬೇಕು. 6 ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿಗಳಾದರೆ ಸುಮಾರು 9 ಲೋಡು. ಏಳೇ ಲೋಡಿನಲ್ಲಿ ಕೆಲಸ ಮುಗಿದರೆ ದಪ್ಪ 12 ಸೆಂಟಿಮೀಟರಿಗೆ ಇಳಿದಿದೆ ಎಂದೇ ಅರ್ಥ. ಮನೆಯ ಜಗುಲಿಯಲ್ಲಿ ಕೂತು ಲಾರಿ ಎಣಿಸುವ ಅಜ್ಜನಿಗಿಂತ ಒಳ್ಳೆಯ ಮೇಲ್ವಿಚಾರಕ ಬೇರೆ ಸಿಗಲಾರ. ಪ್ರತಿ ಲಾರಿಯ ಜೊತೆ ಬರುವ ಡೆಲಿವರಿ ಚಲನ್‌ನಲ್ಲಿ ಎಂ-20, ಎಂ-30 ಎಂಬ ದರ್ಜೆ ಬರೆದಿರುತ್ತದೆ. ಎಂ-30 ಎಂದರೆ 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರಿಗೆ 30 ನ್ಯೂಟನ್ ಒತ್ತಡವನ್ನು ತಾಳಬೇಕಾದ ಕಾಂಕ್ರೀಟ್. ಅಂದಾಜು ಪಟ್ಟಿಯಲ್ಲಿರುವ ದರ್ಜೆಯೊಂದಿಗೆ ಅದನ್ನು ಹೋಲಿಸಿ. ಪರೀಕ್ಷೆಗಾಗಿ 15 ಸೆಂಟಿಮೀಟರಿನ ಘನಾಕೃತಿಯ ಅಚ್ಚುಗಳಲ್ಲಿ ಮಾದರಿ ತೆಗೆದರೇ ಎಂಬುದನ್ನೂ ಗಮನಿಸಿ. ತೆಗೆಯದಿದ್ದರೆ ಆಮೇಲೆ ಕಡತದಲ್ಲಿ ಕಾಣುವ ಪರೀಕ್ಷಾ ವರದಿ ಯಾವ ಕಾಂಕ್ರೀಟಿನದ್ದು ಎಂಬ ಪ್ರಶ್ನೆ ಏಳುತ್ತದೆ.

ನಾಲ್ಕನೆಯದು ನೀರುಣಿಸುವುದು, ಅಂದರೆ ಕ್ಯೂರಿಂಗ್. ಕಾಂಕ್ರೀಟ್ ರಸ್ತೆಗೆ ಕನಿಷ್ಠ 14 ದಿನ ತೇವ ಆರದಂತೆ ನೀರು ಕೊಡಬೇಕು. ಗೋಣಿಚೀಲ ಹಾಸಿಯೋ ಮಣ್ಣಿನ ಬದು ಕಟ್ಟಿಯೋ ನೀರು ನಿಲ್ಲಿಸುತ್ತಾರೆ. ಎರಡು ದಿನಕ್ಕೇ ಟ್ಯಾಂಕರ್ ಬರುವುದು ನಿಂತರೆ ಆ ದಿನವೇ ಕಿರಿಯ ಎಂಜಿನಿಯರ್‌ಗೆ ಫೋಟೋ ಕಳಿಸಿ. ತುಮಕೂರಿನ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಅಸಡ್ಡೆ ಮಾಡಿದ ರಸ್ತೆ ಮೊದಲ ಮಳೆಗಾಲಕ್ಕೇ ಮೇಲ್ಮೈ ಪುಡಿಯಾಗಿ ಜಲ್ಲಿ ತೋರಿಸುತ್ತದೆ.

ಚರಂಡಿಯಾದರೆ ಪರೀಕ್ಷೆ ಇನ್ನೂ ಸುಲಭ: ಮೇಲಿನ ತುದಿಯಲ್ಲಿ ಎರಡು ಕೊಡ ನೀರು ಸುರಿದು ಅದು ಕೆಳಗಿನ ತುದಿಗೆ ತಲುಪುತ್ತದೆಯೇ ನೋಡಿ.

ಒಂದು ಎಚ್ಚರಿಕೆ. ಕೆಲಸದ ಜಾಗದಲ್ಲಿ ಗುತ್ತಿಗೆದಾರನ ಆಳುಗಳೊಂದಿಗೆ ಜಗಳ ಬೇಡ, ಕೆಲಸ ನಿಲ್ಲಿಸುವುದೂ ಬೇಡ. ಅವರು ಹೇಳಿದ್ದನ್ನು ಮಾಡುವ ಕೂಲಿಯವರು. ಕೆಲಸಕ್ಕೆ ಅಡ್ಡಿಪಡಿಸಿದರೆಂಬ ದೂರು ನಿಮ್ಮ ಮೇಲೆಯೇ ಬರಬಹುದು. ಅಳೆಯಿರಿ, ಬರೆಯಿರಿ, ವಾರ್ಡ್ ಎಂಜಿನಿಯರ್‌ಗೆ ಅಂದೇ ಲಿಖಿತವಾಗಿ ತಿಳಿಸಿ.

4. ಮಾಹಿತಿ ಹಕ್ಕಿನ ಅರ್ಜಿ: ಚಿಕ್ಕದಾಗಿ, ಒಂದೇ ವಿಷಯಕ್ಕೆ

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮಗಳಲ್ಲಿ ಇನ್ನೊಂದು ಷರತ್ತು ಇರುವುದನ್ನು ಬಹಳ ಜನ ಮರೆಯುತ್ತಾರೆ: ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಇಡೀ ವಾರ್ಡಿನ ಹತ್ತು ವರ್ಷದ ಕಾಮಗಾರಿಗಳ ವಿವರವನ್ನು ಒಂದೇ ಅರ್ಜಿಯಲ್ಲಿ ಕೇಳಿದರೆ ತಿರಸ್ಕರಿಸಲು ನೀವೇ ಕಾರಣ ಒದಗಿಸಿದಂತಾಗುತ್ತದೆ. ಹೀಗೆ ಬರೆದರೆ ಸಾಕು:

"ತುಮಕೂರು ಮಹಾನಗರ ಪಾಲಿಕೆಯ ___ನೇ ವಾರ್ಡ್, ___ನೇ ಅಡ್ಡರಸ್ತೆಯಲ್ಲಿ ___ನೇ ಸಾಲಿನಲ್ಲಿ ಕೈಗೊಂಡ ಕಾಂಕ್ರೀಟ್ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಬೇಕಾಗಿ ಕೋರುತ್ತೇನೆ: ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷಾ ವರದಿಗಳು, ಮೂರನೇ ವ್ಯಕ್ತಿ ತಪಾಸಣಾ ವರದಿ, ಪಾವತಿಸಿದ ಬಿಲ್‌ಗಳು, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕವನ್ನು ತೋರಿಸುವ ದಾಖಲೆ."

ಇಲ್ಲಿ ಅಳತೆ ಪುಸ್ತಕ ಎಂದರೆ ಎಂಜಿನಿಯರುಗಳು ಎಂ.ಬಿ. ಎಂದು ಕರೆಯುವ ದಾಖಲೆ. ಸ್ಥಳದಲ್ಲಿ ಅಳೆದದ್ದನ್ನು ಅದರಲ್ಲಿ ಬರೆದ ಮೇಲೆಯೇ ಬಿಲ್ ತಯಾರಾಗುತ್ತದೆ. ನೀವು ತೆಗೆದಿಟ್ಟ ಟೇಪಿನ ಫೋಟೋಕ್ಕೂ ಎಂ.ಬಿ.ಯ ಅಂಕಿಗೂ ವ್ಯತ್ಯಾಸ ಕಂಡರೆ ನಿಮ್ಮ ದೂರಿನ ಅರ್ಧ ಭಾಗ ಅಲ್ಲಿಗೇ ಸಿದ್ಧವಾಯಿತು. ಮೂರನೇ ವ್ಯಕ್ತಿ ತಪಾಸಣೆ ಎಂದರೆ ಪಾಲಿಕೆಯಾಗಲಿ ಗುತ್ತಿಗೆದಾರನಾಗಲಿ ಅಲ್ಲದ ಹೊರಗಿನ ಸಂಸ್ಥೆ ಮಾಡುವ ಗುಣಮಟ್ಟ ಪರಿಶೀಲನೆ.

"ಏಕೆ ಕಳಪೆಯಾಗಿದೆ?", "ಯಾರು ಹೊಣೆ?" ಎಂಬ ಪ್ರಶ್ನೆಗಳನ್ನು ಈ ಅರ್ಜಿಯಲ್ಲಿ ಸೇರಿಸಬೇಡಿ. ಕಾಯ್ದೆ ಕೊಡಿಸುವುದು ಕಡತದಲ್ಲಿರುವ ದಾಖಲೆಯನ್ನು, ಅಧಿಕಾರಿಯ ವಿವರಣೆಯನ್ನಲ್ಲ. ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನೂ ದಾಖಲೆಗಳನ್ನೂ ಖುದ್ದಾಗಿ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಎರಡೂ ನಿಮಗಿವೆ. ಇದನ್ನು ಬಳಸುವವರು ಬಹಳ ಕಡಿಮೆ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಅದನ್ನು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರದೇ ಕರ್ತವ್ಯ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

5. ದೋಷ ಹೊಣೆಗಾರಿಕೆ ಅವಧಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಗುತ್ತಿಗೆದಾರನ ಬಿಲ್ಲುಗಳಿಂದ ಮುರಿದುಕೊಂಡ ಭದ್ರತಾ ಠೇವಣಿ ಈ ಅವಧಿ ಮುಗಿಯುವವರೆಗೆ ಪಾಲಿಕೆಯಲ್ಲಿ ಉಳಿದಿರುತ್ತದೆ. ಆದ್ದರಿಂದ ಅವಧಿ ಮುಗಿಯಲು ಎರಡು ತಿಂಗಳಿರುವಾಗ ಬೀದಿಯ ಬಿರುಕು, ಕುಸಿತ, ಚೇಂಬರ್ ಮುಚ್ಚಳಗಳ ಸ್ಥಿತಿ ಎಲ್ಲವನ್ನೂ ಫೋಟೋ ಸಮೇತ ಪಟ್ಟಿ ಮಾಡಿ, "ದುರಸ್ತಿಯಾಗುವವರೆಗೆ ಭದ್ರತಾ ಠೇವಣಿ ಬಿಡುಗಡೆ ಮಾಡಬಾರದು" ಎಂಬ ಒಂದು ಸಾಲನ್ನು ಸ್ಪಷ್ಟವಾಗಿ ಬರೆದು ಆಯುಕ್ತರಿಗೆ ಕೊಡಿ. ಪಾಲಿಕೆಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

6. ಸೈಟು ಕೊಳ್ಳುವ ಮುನ್ನ: "ಅಪ್ರೂವ್ಡ್ ಲೇಔಟ್" ಎಂಬ ಮಾತನ್ನು ಬಿಡಿಸಿ ನೋಡಿ

ಕ್ಯಾತ್ಸಂದ್ರದ ಕಡೆಗಾಗಲಿ ಹೆಗ್ಗೆರೆಯ ಕಡೆಗಾಗಲಿ ಹೋದರೆ ಹೊಲದ ನಡುವೆ ಬಣ್ಣದ ಬಾವುಟಗಳು, ಕಮಾನು, "ಟೂಡಾ ಅನುಮೋದಿತ" ಎಂಬ ಫಲಕ ಕಾಣುತ್ತವೆ. ಆ ಒಂದು ಮಾತಿನ ಹಿಂದೆ ಇರಬೇಕಾದ ಕಾಗದಗಳು ಹಲವು. ಒಂದನ್ನು ತೋರಿಸಿ ಎಲ್ಲವೂ ಇದೆ ಎನ್ನುವುದು ಏಜೆಂಟರ ರೂಢಿ.

ಭೂ ಪರಿವರ್ತನೆ: 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಾಯಿಸುವ ಜಿಲ್ಲಾಧಿಕಾರಿಯ ಆದೇಶ. "ಡಿ.ಸಿ. ಕನ್ವರ್ಷನ್ ಆಗಿದೆ" ಎಂದರೆ ಜಮೀನಿನ ಬಳಕೆ ಬದಲಾಗಿದೆ ಎಂದಷ್ಟೇ ಅರ್ಥ. ಅದನ್ನು ಸೈಟುಗಳಾಗಿ ವಿಂಗಡಿಸಲು ಒಪ್ಪಿಗೆ ಸಿಕ್ಕಿದೆ ಎಂದು ಅರ್ಥವಲ್ಲ.

ವಿನ್ಯಾಸ ನಕ್ಷೆಯ ಅನುಮೋದನೆ: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ ಯೋಜನಾ ಪ್ರಾಧಿಕಾರ ಕೊಡುವಂಥದ್ದು. ತುಮಕೂರಿನ ಸ್ಥಳೀಯ ಯೋಜನಾ ಪ್ರದೇಶದಲ್ಲಿ ಆ ಪ್ರಾಧಿಕಾರ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ. ಇದು ಎರಡು ಹಂತದಲ್ಲಿ ಬರುತ್ತದೆ. ಮೊದಲು ತಾತ್ಕಾಲಿಕ ಅನುಮೋದನೆ. ಆಮೇಲೆ ರಸ್ತೆ, ಚರಂಡಿ, ನೀರು, ವಿದ್ಯುತ್ ಕೆಲಸಗಳನ್ನು ಮಾಡಿದಂತೆಲ್ಲ ಹಂತ ಹಂತವಾಗಿ ನಿವೇಶನ ಬಿಡುಗಡೆ ಆದೇಶ ಮತ್ತು ಅಂತಿಮ ಅನುಮೋದನೆ. ನಿಮಗೆ ತೋರಿಸುವ ನಕ್ಷೆಯ ಮೇಲೆ "ತಾತ್ಕಾಲಿಕ" ಎಂಬ ಪದವಿದೆಯೇ, ನೀವು ಕೊಳ್ಳಲಿರುವ ಸೈಟಿನ ಸಂಖ್ಯೆ ಬಿಡುಗಡೆಯಾದ ಸೈಟುಗಳ ಪಟ್ಟಿಯಲ್ಲಿದೆಯೇ ಎಂಬುದೇ ಇಲ್ಲಿ ಮುಖ್ಯ. ಕೊನೆಯ ಕಂತಿನಲ್ಲಿ ಬಿಡುಗಡೆಯಾಗಬೇಕಾದ ಸೈಟನ್ನು ಮೊದಲೇ ಕರಾರು ಮಾಡಿಕೊಂಡವರು ಖಾತೆಗಾಗಿ ವರ್ಷಗಟ್ಟಲೆ ಅಲೆಯುತ್ತಾರೆ.

"ಗ್ರಾಮ ಪಂಚಾಯಿತಿ ಅಪ್ರೂವ್ಡ್" ಎನ್ನುವವರಿಂದ ದೂರವಿರಿ. ಬಡಾವಣೆಯ ನಕ್ಷೆಗೆ ಪಂಚಾಯಿತಿಯ ಒಪ್ಪಿಗೆಯೊಂದೇ ಸಾಲದು, ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕೇ ಬೇಕು. ಹಳ್ಳಿಯ ಆಸ್ತಿಯಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳ ಗಣಕೀಕೃತ ವ್ಯವಸ್ಥೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಎಂದರೆ ಅದು ಅನುಮೋದಿತವಲ್ಲದ ಆಸ್ತಿಯ ದಾಖಲೆ. ನಗರದೊಳಗೆ ಬಿ-ಖಾತಾ ಕೂಡ ಅದೇ ಬಗೆಯದ್ದು: ತೆರಿಗೆ ಕಟ್ಟಿಸಿಕೊಳ್ಳಲೆಂದು ಇರುವ ದಾಖಲೆಯೇ ಹೊರತು ಬಡಾವಣೆ ಸಕ್ರಮವಾಯಿತೆಂಬ ಪತ್ರವಲ್ಲ.

ರೇರಾ ನೋಂದಣಿ: ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಸ್ಥಿರಾಸ್ತಿ ಕಾಯ್ದೆ, 2016ರ ಪ್ರಕಾರ ಜಮೀನು 500 ಚದರ ಮೀಟರ್ ಮೀರಿದ್ದರೆ, ಅಂದರೆ ಸುಮಾರು 5 ಗುಂಟೆ ದಾಟಿದ್ದರೆ, ನೋಂದಣಿಗೆ ಮುನ್ನ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣ ಪಡೆಯುವಂತಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ 8ಕ್ಕಿಂತ ಹೆಚ್ಚು ಮನೆಗಳಿದ್ದರೂ ಇದೇ ನಿಯಮ. ಬ್ರೋಷರಿನಲ್ಲಿರುವ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ತಾಣದಲ್ಲಿ ಹಾಕಿ ನೋಡಿದರೆ ಅನುಮೋದಿತ ನಕ್ಷೆಯೂ ಕೆಲಸದ ಪ್ರಗತಿಯೂ ಅಲ್ಲಿಯೇ ಸಿಗುತ್ತವೆ. ಗ್ರಾಹಕರಿಂದ ಬಂದ ಹಣದ 70 ಶೇಕಡಾವನ್ನು ಆ ಯೋಜನೆಗೇ ಮೀಸಲಾದ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ನೋಂದಾಯಿತ ಮಾರಾಟ ಕರಾರು ಆಗುವ ಮುನ್ನ ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. "ಈ ವಾರ ಪೂರ್ತಿ ಹಣ ಕೊಟ್ಟರೆ ರೇಟು ಕಡಿಮೆ" ಎಂಬ ಮಾತು ಕೇಳಿಬಂದರೆ ಈ ಸಾಲನ್ನು ನೆನಪಿಸಿಕೊಳ್ಳಿ.

ಜಮೀನಿನ ಹಿನ್ನೆಲೆ: ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಇವುಗಳನ್ನು ನೋಡುವ ರೂಢಿ ಎಲ್ಲರಿಗೂ ಇದೆ. ಆದರೆ ಪಹಣಿಯಲ್ಲಿ ಖರಾಬು ಎಂಬ ಕಲಂ ನೋಡುವವರು ಕಡಿಮೆ. ಬಿ-ಖರಾಬು ಎಂದರೆ ಹಳ್ಳ, ಕಾಲುವೆ, ಬಂಡಿದಾರಿಯಂತಹ ಸಾರ್ವಜನಿಕ ಬಳಕೆಯ ಜಾಗ. ಅದರ ಮೇಲೆ ಬಿದ್ದ ಸೈಟು ಯಾವತ್ತೂ ನಿಮ್ಮದಾಗುವುದಿಲ್ಲ. ಕೆರೆಗಳೂ ಅವುಗಳಿಗೆ ನೀರು ತರುವ ಕಾಲುವೆಗಳೂ ಹೆಣೆದುಕೊಂಡಿರುವ ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಯಲ್ಲಿ ಒಣಗಿ ಮಟ್ಟಸವಾಗಿ ಕಾಣುವ ಹಳ್ಳವನ್ನು ಸೈಟಿನ ಸಾಲಿಗೆ ಸೇರಿಸುವುದು ಕಷ್ಟವೇನಲ್ಲ. ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಮತ್ತು ಮೂಲ ಗ್ರಾಮನಕ್ಷೆಯ ಗೆರೆಗಳು ಕಾಣುತ್ತವೆ. ಅದು ಸುಳಿವಷ್ಟೇ, ಅಂತಿಮ ಮಾತು ಸರ್ವೆ ಇಲಾಖೆಯದ್ದು. ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಅಂಥ ಜಮೀನನ್ನು ಅನುಮತಿಯಿಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯ ನಂತರ, ಬಹಳ ವರ್ಷ ಕಳೆದಿವೆ ಎಂಬ ಕಾರಣವೂ ಕೊಂಡವರ ನೆರವಿಗೆ ಬರುವುದಿಲ್ಲ.

7. ಬಡಾವಣೆಯ ರಸ್ತೆ ಮತ್ತು ಉದ್ಯಾನ: ಹಸ್ತಾಂತರದ ಗಂಟು

ಆರಂಭದಲ್ಲಿ ಹೇಳಿದ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಅನುಮೋದಿತ ಬಡಾವಣೆಯ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳನ್ನು ಅಭಿವೃದ್ಧಿದಾರ ಉಚಿತವಾಗಿ ಬಿಟ್ಟುಕೊಡಬೇಕು. ಇದಕ್ಕೆ ಮಾಡುವ ನೋಂದಾಯಿತ ದಾಖಲೆಯೇ ಪರಿತ್ಯಾಜನಾ ಪತ್ರ. ಇದಾದ ಮೇಲೆ, ಕೆಲಸಗಳೆಲ್ಲ ಮುಗಿದಿವೆ ಎಂದು ಪರಿಶೀಲಿಸಿ, ಇಡೀ ಬಡಾವಣೆಯ ನಿರ್ವಹಣೆಯನ್ನು ಟೂಡಾ ಪಾಲಿಕೆಗೆ ಅಥವಾ ಪಂಚಾಯಿತಿಗೆ ಹಸ್ತಾಂತರಿಸುತ್ತದೆ. ಪರಿತ್ಯಾಜನಾ ಪತ್ರ ಆಗಿ ಹಸ್ತಾಂತರ ನಡೆಯುವವರೆಗೆ ಪಾಲಿಕೆ ಅಲ್ಲಿ ಒಂದು ಬೀದಿದೀಪಕ್ಕೂ ಹಣ ಹಾಕುವುದಿಲ್ಲ, ಟೂಡಾ "ಅನುಮೋದನೆ ಕೊಡುವುದಷ್ಟೇ ನಮ್ಮ ಕೆಲಸ" ಎನ್ನುತ್ತದೆ, ಅಭಿವೃದ್ಧಿದಾರ ಫೋನ್ ಎತ್ತುವುದಿಲ್ಲ.

ಇದನ್ನು ಬಿಡಿಸುವ ಕ್ರಮ ಹೀಗೆ. ಟೂಡಾದಿಂದ ಅಂತಿಮ ಅನುಮೋದಿತ ನಕ್ಷೆ, ಅನುಮೋದನೆಯ ಷರತ್ತುಗಳು, ಪರಿತ್ಯಾಜನಾ ಪತ್ರ, ನಿವೇಶನ ಬಿಡುಗಡೆ ಆದೇಶಗಳು, ಹಸ್ತಾಂತರ ಪತ್ರ ಇಷ್ಟನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ಕೊನೆಯದು ಇಲ್ಲವೆಂಬ ಉತ್ತರ ಬಂದರೆ ಅದೇ ನಿಮಗೆ ಬೇಕಾದ ಸಾಕ್ಷ್ಯ. ನಂತರ ನಕ್ಷೆ ಹಿಡಿದು ಬಡಾವಣೆಯನ್ನು ಒಂದು ಸುತ್ತು ಹಾಕಿ: 30 ಅಡಿ ಎಂದು ತೋರಿಸಿದ ರಸ್ತೆ ಸ್ಥಳದಲ್ಲಿ ಎಷ್ಟಿದೆ, ಉದ್ಯಾನದ ಜಾಗದಲ್ಲಿ ಯಾರಾದರೂ ಶೆಡ್ಡು ಹಾಕಿದ್ದಾರೆಯೇ ಎಂದು ಅಳೆದು ಬರೆದುಕೊಳ್ಳಿ. ಉದ್ಯಾನ ಮತ್ತು ಬಯಲು ಜಾಗಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ಕಾಪಾಡಲೆಂದೇ 1985ರ ಕಾಯ್ದೆಯೊಂದಿದೆ. ದೂರಿನಲ್ಲಿ ಅದನ್ನು ಉಲ್ಲೇಖಿಸಿ. ಕೆಲಸ ಅಪೂರ್ಣವಾಗಿದ್ದು ಉಳಿದ ಸೈಟುಗಳು ಇನ್ನೂ ಬಿಡುಗಡೆಯಾಗಿಲ್ಲವಾದರೆ, ಅವುಗಳನ್ನು ತಡೆಹಿಡಿಯುವಂತೆ ಟೂಡಾ ಆಯುಕ್ತರಿಗೆ ತಕ್ಷಣ ಬರೆಯಿರಿ. ಬಡಾವಣೆಯ ನಿವಾಸಿಗಳ ಕೈಯಲ್ಲಿರುವ ಅತಿ ಬಲವಾದ ಹಿಡಿತ ಇದೇ, ಎಲ್ಲ ಸೈಟುಗಳೂ ಬಿಡುಗಡೆಯಾದ ಮರುದಿನ ಇದು ಕೈತಪ್ಪುತ್ತದೆ. ಯೋಜನೆ ರೇರಾದಲ್ಲಿ ನೋಂದಣಿಯಾಗಿದ್ದರೆ ಕಾಯ್ದೆಯ 31ನೇ ಕಲಂ ಅಡಿ ಅಲ್ಲಿಯೂ ದೂರು ಸಲ್ಲಿಸಬಹುದು.

ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ನಿವಾಸಿಗಳ ಸಂಘ ನೋಂದಾಯಿಸಿಕೊಂಡು ಅದರ ಹೆಸರಿನಲ್ಲಿ ಬರೆಯುವುದು ಒಳ್ಳೆಯದು. ಸಂಘದಲ್ಲಿ ಅಧ್ಯಕ್ಷಗಿರಿಗೆ ಜಗಳವಾಗುತ್ತದೆ, ಅದು ಬೇರೆ ಮಾತು.

8. ಪಕ್ಕದಲ್ಲಿ ಏಳುತ್ತಿರುವ ಕಟ್ಟಡ

ಮಂಜೂರಾದ ನಕ್ಷೆಯನ್ನು ನಿರ್ಮಾಣ ನಡೆಯುವಷ್ಟು ಕಾಲ ಸ್ಥಳದಲ್ಲಿ ಪ್ರದರ್ಶಿಸಬೇಕು, ವಾಸಯೋಗ್ಯ ಪ್ರಮಾಣಪತ್ರ ತೋರಿಸಿದ ನಂತರವೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿದೆ. ವಾಸಯೋಗ್ಯ ಪ್ರಮಾಣಪತ್ರ ಎಂದರೆ ಕಟ್ಟಡ ನಕ್ಷೆಯಂತೆಯೇ ಮುಗಿದಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ, ಜನರು ಓ.ಸಿ. ಎನ್ನುವ ಪತ್ರ. ಪಕ್ಕದವರು ಸೆಟ್‌ಬ್ಯಾಕ್ ಬಿಡದೆ, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗವನ್ನು ಬಿಡದೆ ಕಟ್ಟುತ್ತಿದ್ದರೆ ತಳಪಾಯದ ಹಂತದಲ್ಲೇ ದೂರು ಕೊಡಿ. ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಪ್ರಕಾರ ಆಯುಕ್ತರು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ, ನಂತರ ದೃಢೀಕರಣ ಆದೇಶ ಮಾಡಬೇಕು. ಮೂರನೇ ಅಂತಸ್ತು ಎದ್ದ ಮೇಲೆ ಬಂದ ದೂರು ನ್ಯಾಯಾಲಯದ ತಡೆಯಾಜ್ಞೆಯಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು.

9. ದೂರಿನ ಮೆಟ್ಟಿಲುಗಳು

ಮೊದಲು ವಾರ್ಡ್ ಎಂಜಿನಿಯರ್, ಆಮೇಲೆ ಆಯುಕ್ತರು, ಜೊತೆಗೆ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿಯಾದ 1902 ಸಂಖ್ಯೆಯ ಜನಸ್ಪಂದನದಲ್ಲಿ ದಾಖಲು. ಜನಸ್ಪಂದನದಲ್ಲಿ "ಕ್ರಮ ಕೈಗೊಳ್ಳಲಾಗಿದೆ" ಎಂಬ ಒಂದೇ ಸಾಲು ಬರೆದು ದೂರನ್ನು ಮುಚ್ಚಿದರೆ, ಸ್ಥಳದ ಹೊಸ ಫೋಟೋ ಹಾಕಿ ಮತ್ತೆ ದಾಖಲಿಸಿ.

3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ತುಮಕೂರು 3 ಲಕ್ಷ ದಾಟಿದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ, ಅದರ ನಡಾವಳಿಗಳು ಎಲ್ಲಿವೆ ಎಂದು ಕೇಳುವುದು ನಿಮ್ಮ ಹಕ್ಕು. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಲ್ಲಿ ಅದರ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿರುವುದರಿಂದ, ಆಗ ಮನವಿಯ ಪ್ರತಿಯನ್ನು ಅವರಿಗೂ ಕೊಡಬೇಕು.

ಹಣ ದುರುಪಯೋಗದ ಆಧಾರ ಕೈಯಲ್ಲಿದ್ದರೆ, ಅಂದರೆ ಅಳತೆ ಪುಸ್ತಕದ ಅಂಕಿಗೂ ಸ್ಥಳದ ಅಳತೆಗೂ ತಾಳೆಯಾಗದಿದ್ದರೆ, ಲೋಕಾಯುಕ್ತಕ್ಕೆ ಹೋಗಬಹುದು. ಅಲ್ಲಿ ಬಿಳಿ ಹಾಳೆಯ ಅರ್ಜಿ ಸಾಲದು. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅದಕ್ಕೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಎರಡೂ ಬೇಕು. ಆರೋಪಗಳನ್ನು ಗುಡ್ಡೆ ಹಾಕದೆ ಒಂದು ರಸ್ತೆ, ಒಂದು ಬಿಲ್, ಒಂದು ಅಳತೆ ಎಂಬಂತೆ ಬರೆಯಿರಿ, ದಾಖಲೆಗಳಿಗೆ ಪುಟಸಂಖ್ಯೆ ಹಾಕಿ, ಮೂಲ ಪ್ರತಿಗಳನ್ನು ಯಾರಿಗೂ ಕೊಡದೆ ನಿಮ್ಮ ಫೈಲಿನಲ್ಲೇ ಇಟ್ಟುಕೊಳ್ಳಿ.